ಮಗಳ ಹೆಸರಿನ ಜೊತೆ ಇಬ್ಬರು ಅಜ್ಜಿಯರ ಹೆಸರು: ಯಾವುದು ಮೊದಲು?

ಹೆರಿಗೆಯಾಗಿ ಆಸ್ಪತ್ರೆಯಲ್ಲಿದ್ದೀರಿ, ಮಗಳ ಹೆಸರಿನ ಮುಂದೆ ಇಬ್ಬರು ಅಜ್ಜಿಯರಲ್ಲಿ ಯಾರ ಹೆಸರು ಮೊದಲು ಬರೆಸಲಿ ಅಂತ ಕೇಳಿದ್ದೀರಿ. ನನ್ನ ಉತ್ತರ: ಎರಡೂ ಬೇಡ. ಸಿಟ್ಟಾಗಬೇಡಿ, 2016ರಲ್ಲಿ ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಆಸ್ಪತ್ರೆ ವರಾಂಡದಲ್ಲಿ ಓಡಾಡಿದವನು ನಾನು.

ಮಗಳಿಗೆ ಇಳಾ ಅಂತ ಮೊದಲೇ ಗೊತ್ತುಮಾಡಿದ್ದೆವು. ನಮ್ಮಮ್ಮ ನಂಜಮ್ಮ, ಅತ್ತೆ ಗೌರಮ್ಮ. ಒಬ್ಬರ ಹೆಸರು ಸೇರಿಸಿದರೆ ಇನ್ನೊಬ್ಬರಿಗೆ ಮುನಿಸು. ಇಬ್ಬರದ್ದೂ ಸೇರಿಸೋಣ ಅಂದರೆ, "ಇಳಾ ಗೌರಮ್ಮ ನಂಜಮ್ಮ" ಅನ್ನೋದು ಸ್ತ್ರೀಶಕ್ತಿ ಸಂಘದ ಪದಾಧಿಕಾರಿಗಳ ಪಟ್ಟಿ ಥರ ಇದೆ ಅಂದಳು ಹೆಂಡತಿ. ಅಷ್ಟರಲ್ಲಿ ನರ್ಸ್ ಜನನ ನೋಂದಣಿ ಫಾರಂ ಹಿಡಿದು ಬಂದರು. ನಾನು ಮಹಾ ಜಾಣತನ ತೋರಿಸಿ "ಇಳಾ ಜಿ. ಎನ್." ಅಂತ ಬರೆದುಕೊಟ್ಟೆ.

ನಾನು ಕೆಟ್ಟಿದ್ದು ಇಲ್ಲೇ. ಬಿಡಿಸಿ ಹೇಳ್ತೀನಿ, ಕೇಳಿ. ನಮ್ಮ ಕಡೆ ಇನಿಷಿಯಲ್ ಅಂದರೆ ಊರು, ಅಪ್ಪ. ದೇವೇಗೌಡರ ಎಚ್. ಡಿ. ಅಂದರೆ ಹರದನಹಳ್ಳಿ ದೊಡ್ಡೇಗೌಡ. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ ಕುವೆಂಪು ಆದರು. ಎರಡಕ್ಷರ ಕಂಡರೆ ಯಾರಿಗೂ ಅಜ್ಜಿಯರು ನೆನಪಾಗಲ್ಲ. ಈಗ ನಮ್ಮ ಊರು ನೋಡಿ: ಗಂಡಸಿ. ನನ್ನ ಹೆಸರು: ನಾಗೇಶ. ಜಿ, ಎನ್! ಬರೆಯುವಾಗ ನನಗೆ ಹೊಳೆಯಲೇ ಇಲ್ಲ, ನಿಜವಾಗಲೂ.

ಆಧಾರ್ ಮಾಡಿಸುವಾಗ ಪೂರ್ತಿ ಹೆಸರು ಕೇಳಿದರು. ಹೆಂಡತಿ ಅಜ್ಜಿಯರ ಹೆಸರೇ ಹೇಳಿದಳು. ಸ್ಕೂಲಿಗೆ ಸೇರಿಸಲು ನಮ್ಮಪ್ಪ ಹೋಗಿದ್ದರು. ಅಲ್ಲಿನ ಗುಮಾಸ್ತರು ಜಿ. ಎನ್. ಅಂದರೇನು ಅಂತ ಕೇಳಿದ್ದಕ್ಕೆ, "ಗಂಡಸಿ ನಾಗೇಶ, ಇನ್ನೇನು?" ಅಂದುಬಿಟ್ಟರಂತೆ. ಅಪ್ಪನ ತಪ್ಪೇನಿಲ್ಲ, ಲೋಕರೂಢಿ ಹೇಳಿದರು.

2023ರಲ್ಲಿ ಮಸ್ಕತ್‌ನಲ್ಲಿರೋ ನಾದಿನಿಗೆ ಹೆರಿಗೆ. ಮಗಳ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಅಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ದಾಖಲೆ ಹೆಚ್ಚಿದ್ದಷ್ಟೂ ಒಳ್ಳೇದು ಅಂತ ನಾನು ಸ್ಕೂಲಿನ ವ್ಯಾಸಂಗ ಪ್ರಮಾಣಪತ್ರವನ್ನೂ ತೆಗೆದುಕೊಟ್ಟೆ. ಕೌಂಟರಿನಲ್ಲಿದ್ದ ಹುಡುಗಿ ಮೂರನ್ನೂ ಪಕ್ಕಪಕ್ಕ ಇಟ್ಟು, "ಸರ್, ಇದು ಮೂರು ಮಕ್ಕಳಾ?" ಅಂದಳು.

ಅಫಿಡವಿಟ್ಟು, ತಿದ್ದುಪಡಿ, ಆಫೀಸಿಗೆ ರಜೆ ಹಾಕಿ ಅಲೆದಾಟ, ಎಲ್ಲ ಸೇರಿ ನಾಲ್ಕು ತಿಂಗಳು. ಹೆಂಡತಿ ಒಬ್ಬಳೇ ಮಸ್ಕತ್‌ಗೆ ಹೋಗಿ ಬಾಣಂತನ ಮುಗಿಸಿ ಬಂದಳು. ಮಗಳು ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಳೋದು.

ಇಷ್ಟಾದ ಮೇಲೂ ಕಥೆ ಮುಗೀಲಿಲ್ಲ. ನಮ್ಮ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರು ಅಂತ ಬೇರೆ ಜಾಗವೇ ಇಲ್ಲ. ಹೆಸರು, ಮನೆತನದ ಹೆಸರು, ಎರಡೇ ಕಲಂ. ಕೊನೆಯಲ್ಲಿದ್ದ ನಂಜಮ್ಮ ಮನೆತನದ ಕಲಮಿಗೆ ಹೋದಳು! ಆಮೇಲೆ ಟಿಕೆಟ್ ತೆಗೆದಾಗಲೂ ಮೊದಲು ನಂಜಮ್ಮ, ಆಮೇಲೆ ಇಳಾ ಗೌರಮ್ಮ. ವಿಮಾನ ನಿಲ್ದಾಣದಲ್ಲಿ "ಮಿಸ್ ನಂಜಮ್ಮ" ಅಂತ ಕರೆದರೆ ಏಳು ವರ್ಷದ ಕೂಸು ತಿರುಗಿ ಕೂಡ ನೋಡಲಿಲ್ಲ. ನಮ್ಮಮ್ಮನಿಗೆ ಇದು ಹೇಳಿಕೊಂಡು ತಿರುಗೋ ವಿಷಯ. ಅತ್ತೆಯ ಎದುರು ನಾನು ಈ ಮಾತೇ ಎತ್ತಲ್ಲ. ತಮಾಷೆ ಅಂದರೆ ಇಬ್ಬರೂ ಅವಳನ್ನು ಕರೆಯೋದು ಪುಟ್ಟಿ ಅಂತಲೇ.

ಹಾಗಾಗಿ ಯಾವುದು ಮೊದಲು ಅನ್ನೋ ಲೆಕ್ಕಾಚಾರ ಬಿಡಿ. ಹಿರಿಯರ ಹೆಸರು ಉಳಿಸೋಕೆ ನಾಮಕರಣ ಇದೆಯಲ್ಲ? ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಲ್ಲಿ ಮನೆದೇವರ ಹೆಸರು, ನಕ್ಷತ್ರದ ಹೆಸರು, ಕರೆಯೋ ಹೆಸರು ಎಲ್ಲ ಬರೆಯಲ್ವಾ? ಇಬ್ಬರು ಅಜ್ಜಿಯರನ್ನೂ ಅಲ್ಲೇ ಬರೆಯಿರಿ, ಮಗುವಿನ ಕಿವಿಯಲ್ಲಿ ಅವರ ಕೈಯಲ್ಲೇ ಹೇಳಿಸಿ. ಅರ್ಜಿಯಲ್ಲಿ ಮಾತ್ರ ಮಗುವಿನ ಹೆಸರು, ಮುಂದೆ ನಿಮ್ಮದೋ ನಿಮ್ಮ ಯಜಮಾನರದ್ದೋ ಒಂದು ಹೆಸರು, ಬಿಡಿಸಿ, ಇನಿಷಿಯಲ್ ಇಲ್ಲದೆ. ಎರಡೂ ಇಡಲೇಬೇಕು ಅಂತ ಹಟ ಇದ್ದರೆ, ಕೊನೆಗೆ ಬರೆದ ಹೆಸರೇ ಮಗುವಿನ ಮನೆತನ ಆಗಬಹುದು ಅಂತ ತಿಳಿದು ಬರೆಯಿರಿ.

ಆಸ್ಪತ್ರೆಯವರು ಇವತ್ತೇ ಹೆಸರು ಕೊಡಿ ಅಂತ ಅವಸರ ಮಾಡ್ತಿದ್ದಾರೆ ಅಂದಿದ್ದೀರಿ. ಜನನ ನೋಂದಣಿಗೆ 21 ದಿನದ ಗಡುವು ಇರೋದು ನಿಜ, ಹೆಸರಿಗಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಾಯಿಸಬಹುದು, ಒಂದು ವರ್ಷದೊಳಗೆ ಶುಲ್ಕ ಇಲ್ಲದೆ ಸೇರಿಸಬಹುದು. ನನಗೆ ಇದು ಗೊತ್ತಾಗಿದ್ದು ಆ ನಾಲ್ಕು ತಿಂಗಳ ಅಲೆದಾಟದಲ್ಲಿ. ನೀವು ಇವತ್ತು ಆ ಸಾಲು ಖಾಲಿ ಬಿಟ್ಟು ಸಹಿ ಹಾಕಿ ಕೊಡಿ.