ರಾಜೀನಾಮೆ ಮಾತ್ರ ಬರ್ಕೊಡಬೇಡಿ

ಪ್ರಶ್ನೆ: ಮೇಡಂ, ಮಂಗಳೂರು ಹಂಪನಕಟ್ಟೆಯ ಒಂದು ಬಟ್ಟೆ ಮಳಿಗೆಯಲ್ಲಿ ಮೂರು ವರ್ಷದಿಂದ ಅಕೌಂಟ್ಸ್ ನೋಡುತ್ತಿದ್ದೇನೆ. ಒಟ್ಟು 30 ಜನ ಇದ್ದೇವೆ. ಸಂಬಳ 24,000, ಹಾಗಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಇಲ್ಲ. ಈಗ ನನಗೆ ಐದು ತಿಂಗಳು, ಚೊಚ್ಚಲು. ವಿಷಯ ಹೇಳಿದ ವಾರದಲ್ಲೇ ನನ್ನನ್ನು ಮೇಲಿನ ಮಹಡಿಯ ಸೀರೆ ಕೌಂಟರ್‌ಗೆ ಹಾಕಿದರು, ಇಡೀ ದಿನ ನಿಂತೇ ಇರಬೇಕು. ಈಗ ಮ್ಯಾನೇಜರ್, "ನೀವೇ ರಾಜೀನಾಮೆ ಬರ್ಕೊಡಿ, ಹೆರಿಗೆ ಆದ್ಮೇಲೆ ನೋಡುವ" ಅನ್ನುತ್ತಾರೆ. ಏನು ಮಾಡಲಿ? (ಓದುಗರು, ಸುರತ್ಕಲ್)

ಉತ್ತರ: ಬರ್ಕೊಡಬೇಡಿ. ಉಳಿದದ್ದೆಲ್ಲ ಆಮೇಲೆ. ಅವರಾಗಿ ತೆಗೆದರೆ ನಿಮ್ಮ ಕೈಯಲ್ಲಿ ಕೇಸ್ ಉಂಟು, ನೀವಾಗಿ ಬಿಟ್ಟರೆ ಒತ್ತಾಯದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ. ಮ್ಯಾನೇಜರ್‌ಗೂ ಅದು ಗೊತ್ತು, ಅದಕ್ಕೇ ಅಷ್ಟು ಮೆತ್ತಗೆ ಕೇಳುತ್ತಿರುವುದು. ಧಣಿಗಳ ಲೆಕ್ಕವೂ ಸುಲಭ. 21,000ದವರೆಗೆ ಸಂಬಳ ಇದ್ದು ಇಎಸ್‌ಐ ಇದ್ದರೆ ಹೆರಿಗೆ ರಜೆಯ ಹಣ ಇಎಸ್‌ಐಯಿಂದ ಬರುತ್ತದೆ, ನಿಮ್ಮದು ಅವರ ಗಲ್ಲಾಪೆಟ್ಟಿಗೆಯಿಂದಲೇ ಹೋಗಬೇಕು.

ಈ ಹಕ್ಕು 1961ರ ಹೆರಿಗೆ ಸೌಲಭ್ಯ ಕಾಯ್ದೆಯದ್ದು. 2017ರಲ್ಲಿ ರಜೆ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಆದರೆ ಸಿಗಬೇಕಾದ್ದೇನೂ ಕಮ್ಮಿ ಆಗಿಲ್ಲ. ಹತ್ತು ಜನ ಕೆಲಸ ಮಾಡುವ ಅಂಗಡಿಗೂ ಇದು ಅನ್ವಯ. ಹೆರಿಗೆಯ ತಾರೀಖಿನ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ನಿಮಗೆ 26 ವಾರ ಪೂರ್ತಿ ಸಂಬಳದ ರಜೆ ಉಂಟು (ಇಬ್ಬರು ಮಕ್ಕಳಿರುವವರಿಗೆ ಮಾತ್ರ 12 ವಾರ). ಗರ್ಭಿಣಿ ಇರುವಾಗ ಕೆಲಸದಿಂದ ತೆಗೆದರೂ ಈ ಹಣ ತಪ್ಪಿಸುವ ಹಾಗಿಲ್ಲ, ಗಂಭೀರ ದುರ್ನಡತೆ ಮಾಡಿದ್ದರೆ ಬೇರೆ ಮಾತು. ರಜೆಯಲ್ಲಿರುವಾಗ ತೆಗೆಯುವುದು, ರಜೆ ಮಧ್ಯದಲ್ಲಿ ಅವಧಿ ಮುಗಿಯುವ ಹಾಗೆ ನೋಟಿಸ್ ಕೊಡುವುದು, ಆಗ ಸಂಬಳ ಹುದ್ದೆ ಇಳಿಸುವುದು ಎಲ್ಲವೂ ಕಾನೂನಿಗೆ ವಿರುದ್ಧ.

ನಿಂತು ಮಾಡುವ ಕೆಲಸದ ಬಗ್ಗೆ ಸ್ವಲ್ಪ ಸರಿಯಾಗಿ ತಿಳ್ಕೊಳ್ಳಿ. ಹೆರಿಗೆಗೆ ಸುಮಾರು ಹತ್ತು ವಾರ ಇರುವಾಗಿನಿಂದ, ನೀವು ಕೇಳಿಕೊಂಡರೆ, ತುಂಬಾ ಹೊತ್ತು ನಿಲ್ಲಿಸುವ ಅಥವಾ ಆಯಾಸದ ಕೆಲಸ ಕೊಡುವ ಹಾಗಿಲ್ಲ, ಆ ನೆಪದಲ್ಲಿ ಸಂಬಳ ಹಿಡಿಯುವ ಹಾಗೂ ಇಲ್ಲ. ಅಂದರೆ ನಿಮಗೆ ಏಳು ತಿಂಗಳು ತುಂಬುವ ಹೊತ್ತಿಗೆ. ಅಲ್ಲಿಯವರೆಗೆ ಡಾಕ್ಟರ ಚೀಟಿಯೇ ಗತಿ. "ಇವರು ಹೆಚ್ಚು ಹೊತ್ತು ನಿಲ್ಲಬಾರದು" ಅಂತ ಬರೆಸಿಕೊಳ್ಳಿ, ಆ ಚೀಟಿ, ತಾಯಿ ಕಾರ್ಡ್ ಎರಡರ ಜೆರಾಕ್ಸ್ ಸೇರಿಸಿ, ನನ್ನನ್ನು ಮೊದಲಿನ ಕೆಲಸಕ್ಕೇ ಹಾಕಿ ಅಂತ ಮ್ಯಾನೇಜರ್‌ಗೆ ಇಮೇಲ್ ಮಾಡಿ. ಗರ್ಭಿಣಿ ಅಂತ ಹೇಳಿದ್ದು ಯಾವ ದಿನ, ಕೌಂಟರ್‌ಗೆ ಹಾಕಿದ್ದು ಯಾವ ದಿನ, ಎರಡನ್ನೂ ಅದರಲ್ಲೇ ಬರೆಯಿರಿ. ನಾಳೆ "ಕೆಲಸ ಸರಿ ಇರಲಿಲ್ಲ, ಅದಕ್ಕೇ ಬದಲಾಯಿಸಿದೆವು" ಅಂತ ಅವರು ಹೇಳುವಾಗ ಆ ಎರಡು ತಾರೀಖುಗಳೇ ಮಾತಾಡುತ್ತವೆ. ವಾಟ್ಸಾಪ್ ಮೆಸೇಜುಗಳನ್ನೂ ಅಳಿಸಬೇಡಿ.

ರಜೆ ಅರ್ಜಿ ಬೇರೆಯೇ ಕೊಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಒಂದು ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮ ಕಡೆ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕರ್ಕೊಂಡು ಹೋಗುವುದು ಉಂಟಲ್ವಾ? ಆದರೆ ಹೆರಿಗೆಗೆ ಮುಂಚೆ ಕಾನೂನು ಕೊಡುವುದು ಹೆಚ್ಚೆಂದರೆ 8 ವಾರ. ಅದಕ್ಕಿಂತ ಮೊದಲೇ ಹೊರಟರೆ ಆ ದಿನಗಳಿಗೆ ಬೇರೆ ರಜೆ ಮಂಜೂರು ಮಾಡಿಸಿಕೊಳ್ಳಿ, ಸುಮ್ನೆ ಹೋಗಿ ಕೂತರೆ "ಹೇಳದೆ ಕೇಳದೆ ಗೈರು" ಅಂತ ನೋಟಿಸ್ ಕಳಿಸಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗೆ. ಹೆರಿಗೆ ಮುಂಚಿನ ಅವಧಿಯ ಹಣ ಮುಂಗಡವಾಗಿ ಕೊಡಬೇಕು, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ.

ಇಷ್ಟಾದರೂ ತೆಗೆದರೆ, ಆದೇಶ ಕೈಗೆ ಬಂದ 60 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಮೇಲ್ಮನವಿ ಹಾಕಬಹುದು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಉಡುಪಿಯ ಒಂದು ಲ್ಯಾಬ್‌ನಲ್ಲಿ 11 ತಿಂಗಳ ಕಾಂಟ್ರಾಕ್ಟ್‌ನಲ್ಲಿದ್ದೇನೆ. ನನ್ನ ಹೆರಿಗೆ ರಜೆಯ ಮಧ್ಯದಲ್ಲಿ ಕಾಂಟ್ರಾಕ್ಟ್ ಮುಗಿಯುತ್ತದೆ. ಆ ದಿನದವರೆಗೆ ಮಾತ್ರ ಸಂಬಳ ಅನ್ನುತ್ತಾರೆ. ಸರಿಯಾ?

ಉತ್ತರ: ಸರಿಯಲ್ಲ. ದಿಲ್ಲಿಯ ಒಬ್ಬ ಡಾಕ್ಟರಿಗೂ ಹೀಗೇ ಆಗಿತ್ತು, ಕಾಂಟ್ರಾಕ್ಟ್ ಮುಗಿಯಲು ಉಳಿದಿದ್ದ 11 ದಿನಕ್ಕೆ ಮಾತ್ರ ರಜೆ ಕೊಟ್ಟಿದ್ದರು. ಕಾಂಟ್ರಾಕ್ಟ್ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕವಿತಾ ಯಾದವ್ ಪ್ರಕರಣ ಅಂತ ನಿಮ್ಮ ಪತ್ರದಲ್ಲಿ ಹೆಸರು ಹಾಕಿಯೇ ಬರೆಯಿರಿ. 80 ದಿನ ಕೆಲಸ ಆಗಿರಬೇಕು, ಅಷ್ಟೇ. ಹಾಗಂತ ಕಾಂಟ್ರಾಕ್ಟ್ ಮುಂದುವರಿಸಲೇಬೇಕು ಅಂತ ಈ ತೀರ್ಪು ಹೇಳುವುದಿಲ್ಲ.

ಪ್ರಶ್ನೆ: ತಂಗಿಗೆ ಇಂಟರ್ವ್ಯೂನಲ್ಲಿ "ಮದುವೆಯಾಗಿ ಎಷ್ಟು ವರ್ಷ, ಮಕ್ಕಳ ಪ್ಲಾನ್ ಉಂಟಾ" ಅಂತ ಕೇಳಿದರು. ಕೇಳಬಹುದಾ? (ಓದುಗರು, ಮಣಿಪಾಲ)

ಉತ್ತರ: ಕೇಳುವವರು ಕೇಳುತ್ತಲೇ ಇದ್ದಾರೆ, ಗಂಡಸರಿಗೆ ಮಾತ್ರ ಯಾರೂ ಕೇಳುವುದಿಲ್ಲ! ಎಲ್‌ಐಸಿಯಲ್ಲಿ ಕೆಲಸಕ್ಕೆ ಸೇರುವವರ ಫಾರಂನಲ್ಲಿ ಒಂದು ಕಾಲಕ್ಕೆ ಮುಟ್ಟಿನ ತಾರೀಖು, ಬಸಿರು ಎಲ್ಲ ಬರೆಯಬೇಕಿತ್ತು. ನೀರಾ ಮಾಥುರ್ ಎಂಬವರನ್ನು ಪ್ರೊಬೇಷನ್‌ನಲ್ಲಿರುವಾಗ, ಫಾರಂನಲ್ಲಿ ಸುಳ್ಳು ಬರೆದಿದ್ದೀರಿ ಅಂತ ಹೆರಿಗೆ ರಜೆಯ ಬಳಿಕ ತೆಗೆದರು. ಸುಪ್ರೀಂ ಕೋರ್ಟ್ 1991ರಲ್ಲಿ ಅವರನ್ನು ವಾಪಸ್ ಸೇರಿಸಿ, ಆ ಕಾಲಂಗಳನ್ನೇ ತೆಗೀರಿ ಅಂದಿತು. ಅದು ಸರ್ಕಾರಿ ಸಂಸ್ಥೆ. ಖಾಸಗಿಯವರಿಗೂ ನೇಮಕದಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅಂತ 2019ರ ವೇತನ ಸಂಹಿತೆ ಹೇಳುತ್ತದೆ, ಆದರೆ ಬಾಯಲ್ಲಿ ಕೇಳಿದ ಪ್ರಶ್ನೆಯನ್ನು ಸಾಬೀತು ಮಾಡುವುದು ಕಷ್ಟ. ಫಾರಂನಲ್ಲೇ ಅಚ್ಚು ಹಾಕಿದ್ದರೆ ತಂಗಿ ಅದರ ಫೋಟೊ ತೆಗೆದಿಟ್ಟುಕೊಳ್ಳಲಿ.