ಉ: ರೈಲಿನಲ್ಲಿ ಸಿಕ್ಕ ಜರ್ಮನ್ ಮಹಿಳೆಗೆ ಮೆಸೇಜ್ ಮಾಡಬಹುದಾ?

ದಾನಿಯ ಅಂಡಾಣುವಿನಿಂದ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಬಿಡೋ ಚಿಕಿತ್ಸೆ) ಮಾಡಿಸ್ಕೊಳ್ಳೋಕೆ ಜೆಕ್ ದೇಶದ ಪ್ರಾಗ್‌ಗೆ ಹೊರಟಿದ್ದ ಮಹಿಳೆ ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ರು ಅಂತ ಬರೆದಿದ್ದೀರಿ. ಅವರಿಗೆ ಮೆಸೇಜ್ ಧಾರಾಳವಾಗಿ ಮಾಡಿ, ಆದ್ರೆ "ಏನಾಯ್ತು, ಗರ್ಭ ನಿಂತಿತಾ?" ಅಂತ ಮಾತ್ರ ಕೇಳಬೇಡಿ. ಭ್ರೂಣ ಗರ್ಭಕೋಶಕ್ಕೆ ಬಿಟ್ಟ ಮೇಲೆ ರಕ್ತಪರೀಕ್ಷೆಗೆ ಹೆಚ್ಚುಕಮ್ಮಿ ಎರಡು ವಾರ ಕಾಯಬೇಕು. ಆ ದಿನಗಳಲ್ಲಿ ಅತ್ತೆ ಫೋನ್ ಮಾಡಿದ್ರೇ ಎತ್ತೋಕೆ ಮನಸ್ಸಾಗಲ್ಲ, ಇನ್ನು ಡ್ರೆಸ್ಡನ್‌ನಿಂದ ಪ್ರಾಗ್‌ವರೆಗೆ ಪಕ್ಕದಲ್ಲಿ ಕೂತವರ ಪ್ರಶ್ನೆ ಬೇರೆ! "ನಿಮ್ಮ ನೆನಪಾಯ್ತು, ಆರಾಮಾಗಿದ್ದೀರಿ ಅಂದ್ಕೊಂಡಿದ್ದೀನಿ" ಅಷ್ಟು ಸಾಕು. ಹೇಳೋದಿದ್ರೆ ಅವರೇ ಹೇಳ್ತಾರೆ.

ತಮ್ಮ ದೇಶದಲ್ಲೇ ಯಾಕೆ ಮಾಡಿಸ್ಕೊಳ್ಳಲ್ಲ ಅಂದ್ರಲ್ಲ, ಜರ್ಮನಿಯಲ್ಲಿ ಐವಿಎಫ್ ಇದೆ, ಆದ್ರೆ ಬೇರೆಯವರ ಅಂಡಾಣು ಬಳಸೋ ಹಾಗಿಲ್ಲ. 1991ರಲ್ಲಿ ಜಾರಿಗೆ ಬಂದ ಭ್ರೂಣ ಸಂರಕ್ಷಣಾ ಕಾಯ್ದೆಯ ತಡೆ ಅದು. ವೀರ್ಯದಾನಕ್ಕೆ ಮಾತ್ರ ಅಡ್ಡಿಯಿಲ್ಲ, ಇದ್ಯಾವ ನ್ಯಾಯವೋ! ಪಕ್ಕದ ಜೆಕ್‌ನಲ್ಲಿ ಅಂಡದಾನ ಕಾನೂನುಬದ್ಧ, ದಾನಿಯ ಹೆಸರು ಗುಟ್ಟು. ಹಾಗಾಗಿ ಗಡಿ ದಾಟ್ತಾರೆ. ರೈಲಿನಲ್ಲಿ ಅಲಾರಂ ಹೊಡೆದ ತಕ್ಷಣ ಅವರು ಮಾತು ನಿಲ್ಲಿಸಿ ಮಾತ್ರೆ ನುಂಗಿದ್ರು ಅಂತ ಬರೆದಿದ್ದೀರಿ. ಬಹುಶಃ ಗರ್ಭಕೋಶದ ಒಳಪದರ ತಯಾರಾಗೋಕೆ ಕೊಡೋ ಹಾರ್ಮೋನ್ ಇರಬೇಕು.

ನಿಮ್ಮ ಅಕ್ಕನಿಗೋಸ್ಕರ ಕ್ಲಿನಿಕ್ ವಿವರ ಕೇಳೋದಾದ್ರೆ, ಅದಕ್ಕೆ ಈ ಮಹಿಳೆಯನ್ನ ಎಳೆಯಬೇಡಿ. ಭಾರತದಲ್ಲಿ 2021ರ ಎಆರ್‌ಟಿ (ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನ) ಕಾಯ್ದೆಯಡಿ ಅಂಡದಾನಕ್ಕೆ ಅವಕಾಶ ಇದೆ, ಚಿಕಿತ್ಸೆ ಪಡೆಯೋ ಮಹಿಳೆಗೆ 50 ತುಂಬಿರಬಾರದು. ಬೆಂಗಳೂರಲ್ಲೇ ವಿಚಾರಿಸಿ, ನೋಂದಣಿ ಆಗಿರೋ ಕ್ಲಿನಿಕ್ಕೇ ಅಂತ ಖಚಿತ ಮಾಡ್ಕೊಳ್ಳಿ.