ವೆಂಟಿಲೇಟರ್ ತೆಗೆಸುವುದು ದಯಾಮರಣವಾಗುತ್ತದೆಯೇ?

ಮಧುಮೇಹ, ಮೂತ್ರಪಿಂಡ ವೈಫಲ್ಯ, ಪಾರ್ಶ್ವವಾಯು ಮೂರೂ ಸೇರಿ ಪ್ರಜ್ಞೆ ತಪ್ಪಿರುವ ತಂದೆಯವರ ವೆಂಟಿಲೇಟರ್ ತೆಗೆಸಲು ಕಾನೂನು ಒಪ್ಪುತ್ತದೆಯೇ ಎಂದು ಕೇಳಿದ್ದೀರಿ. ಚೇತರಿಕೆಯ ನಿರೀಕ್ಷೆ ಇಲ್ಲವೆಂದು ವೈದ್ಯರು ನಿರ್ಣಯಿಸಿದರೆ ಒಪ್ಪುತ್ತದೆ. ಚುಚ್ಚುಮದ್ದು ಕೊಟ್ಟು ಸಾವು ತರುವುದು ಭಾರತದಲ್ಲಿ ಅಪರಾಧ. ಆದರೆ ಫಲ ಕೊಡದ ಜೀವರಕ್ಷಕ ಚಿಕಿತ್ಸೆಯನ್ನು ಹಿಂಪಡೆಯುವುದು ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೇ ವಿಧಿಗೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ.

ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ, ಬಳಿಕ ಮೂವರ ದ್ವಿತೀಯ ಮಂಡಳಿ, ಕುಟುಂಬದ ಒಪ್ಪಿಗೆಯೊಂದಿಗೆ ತೀರ್ಮಾನಿಸಬೇಕು. ಜಾರಿಗೆ ಮುನ್ನ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ನನ್ನ ಅಭಿಪ್ರಾಯದಲ್ಲಿ ನಿಜವಾದ ತೊಡಕು ಕಾನೂನಿನದಲ್ಲ. ಹಲವು ಕಾಯಿಲೆಗಳಿರುವ ರೋಗಿಯ ಬಳಿಗೆ ಬರುವ ಮೂತ್ರಪಿಂಡ ತಜ್ಞರು ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಬೇಕಾದ ರಕ್ತದ ತ್ಯಾಜ್ಯ) ಇಳಿದಿದೆ ಎನ್ನುತ್ತಾರೆ, ಹೃದಯ ತಜ್ಞರು ಬಿಪಿ ಸ್ಥಿರವಾಗಿದೆ ಎನ್ನುತ್ತಾರೆ, ಆದರೆ ಈ ಮನುಷ್ಯ ಮತ್ತೆ ಎಚ್ಚೆತ್ತು ಮಾತನಾಡಬಲ್ಲರೇ ಎಂಬುದನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ಎಲ್ಲ ತಜ್ಞರನ್ನೂ ಒಟ್ಟಿಗೆ ಕೂರಿಸಿ, ಇಂತಿಷ್ಟು ದಿನ ಡಯಾಲಿಸಿಸ್ ಮುಂದುವರಿಸಿ ಏನು ಸುಧಾರಿಸಿದರೆ ಮುಂದೆ ಹೋಗುವುದು, ಇಲ್ಲವಾದರೆ ಏನು ಮಾಡುವುದು ಎಂದು ಮೊದಲೇ ನಿಗದಿಪಡಿಸಲು ಕೇಳಿ. ಬಿಲ್ಲಿನ ಭಾರವನ್ನೂ ನಾಚದೆ ಹೇಳಿ.

‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಸಹಿ ಹಾಕಿ, ಆಂಬುಲೆನ್ಸಿನಲ್ಲಿ ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಒತ್ತುತ್ತಾ ಮನೆಗೆ ಕರೆದೊಯ್ಯುವ ದಾರಿ ಮಾತ್ರ ಬೇಡ. ಉಸಿರಿನ ಸಂಕಟ ತಗ್ಗಿಸಲು ತಕ್ಕ ಪ್ರಮಾಣದ ಮಾರ್ಫಿನ್ ಅಲ್ಲಿ ದೊರೆಯುವುದಿಲ್ಲ. ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ತಂಡವಿರುವ ವಾರ್ಡಿನಲ್ಲಿ ದೊರೆಯುತ್ತದೆ.